ನೆಲಮಾಳಿಗೆಗೆ ಹಾಕಿದ ಚಿಲಕ

ನಾನು ಹೇಳುವ ಕಥೆಯಲ್ಲಿ ಅರ್ಧ ನೀರು ಎಂದು ನಮ್ಮೂರಲ್ಲಿ ಹೆಸರಿದೆ. ಇದಕ್ಕೆ ಒಂದು ಹನಿಯೂ ಬೆರೆಸಿಲ್ಲ.

ದ್ರಾಕ್ಷಿ ಕೊಯ್ಲು ಮುಗಿದ ವಾರ ಮೊಸೆಲ್ ನದಿ ದಾಟಿ, ಕೋಟೆಯ ಬುಡದಲ್ಲಿರುವ ಅಕ್ಕ ರೋಸ್ವಿತಾಳ ಮನೆಗೆ ಮಧ್ಯಾಹ್ನದ ಊಟಕ್ಕೆ ಹೋಗಿದ್ದೆ.

"ನಿಮ್ ಭಾವ ಕೆಳಗೆ ಪೀಪಾಯಿ ನೋಡ್ತಿರ್ಬೇಕು, ಕರ್ಕೊಂಡ್ ಬಾರೋ. ಮೇಣದಬತ್ತಿ ಹಿಡ್ಕೊ. ಬಾಯಿ ಮುಚ್ಕೊಂಡು ಇಳಿ, ನಿನ್ ಮಾತಿಗೇ ಆರೋಗತ್ತೆ," ಎಂದಳು ಅಕ್ಕ.

ಹೊಸ ವೈನ್ ಹುದುಗುವಾಗ ನೆಲಮಾಳಿಗೆಯಲ್ಲಿ ಉಸಿರುಗಟ್ಟಿಸುವ ಕೆಟ್ಟ ಗಾಳಿ ತುಂಬುತ್ತದೆ. ಬತ್ತಿ ಆರಿದರೆ ಮುಂದೆ ಇಳಿಯಬಾರದು. ಬಾಗಿಲು ತೆರೆದಿಟ್ಟು ಜನರನ್ನು ಕೂಗಬೇಕು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಅರ್ಧ ಇಳಿದಾಗ ಬತ್ತಿ ಆರಿತು. ಬೆಚ್ಚಗಿರಬೇಕಾದ ಜಾಗದಲ್ಲಿ, ನದಿಯಲ್ಲಿ ನಿಂತ ಹಾಗೆ ಮೊಣಕಾಲಿನವರೆಗೆ ಚಳಿ. ಪೀಪಾಯಿಗಳ ಗುಳುಗುಳು ಒಮ್ಮೆಲೇ ನಿಂತಿತು.

"ಗೆರ್ಡ್, ಕಾಲು ಏಳ್ತಿಲ್ಲ ಕಣೋ. ಕೈ ಕೊಡು." ಭಾವ ಅಲ್ವಿನ್ ಅವರದೇ ದನಿ.

ನಾನು ಮೇಲೆ ಓಡಿದೆ. ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಅಕ್ಕನಿಗೆ "ಬರ್ತಾರಂತೆ" ಎಂದು ಹೇಳಿ, ಸೂಪು ಬಡಿಸಿಕೊಂಡೆ.

ಅಷ್ಟರಲ್ಲಿ ಭಾವ ಬೀದಿ ಬಾಗಿಲಿನಿಂದ ಒಳಗೆ ಬಂದರು, ಕಂಕುಳಲ್ಲಿ ಬಿಸಿ ಬ್ರೆಡ್ಡು. "ಬೇಕರಿಲಿ ಏನ್ ಜನ ಅಂತೀಯ, ಬೆಳಗಿಂದ ಅಲ್ಲೇ ಆಯ್ತು," ಎಂದು ಅಕ್ಕನಿಗೆ ಹೇಳಿದರು. ನನಗೆ ಹೋದ ಜೀವ ಬಂತು, ನಗುವೂ ಬಂತು.

ಅಕ್ಕ ಒಲೆ ಕಡೆ ತಿರುಗಿದಾಗ ಅವರು ನನ್ನ ಪಕ್ಕ ಕುಳಿತು ಬ್ರೆಡ್ಡು ಮುರಿದರು. ಮೆಲ್ಲಗೆ ಕೇಳಿದರು: "ನಾನು ಅಷ್ಟು ಕೂಗಿದ್ನಲ್ಲೋ, ಚಿಲಕ ಯಾಕೋ ಹಾಕ್ದೆ?"

ಆಮೇಲೆ ಅವರು ಆ ಮಾತು ತೆಗೆದಿಲ್ಲ. ನಮ್ಮಲ್ಲಿ ವೈನ್ ಗ್ಲಾಸು ತಾಕಿಸುವಾಗ ಎದುರಿನವರ ಕಣ್ಣಲ್ಲಿ ಕಣ್ಣಿಡಬೇಕು. ಭಾವನ ಎದುರು ನಾನು ಇವತ್ತಿಗೂ ಮೇಜು ನೋಡುತ್ತೇನೆ.