ರೇಡಿಯೇಟರಿನ ಮುಚ್ಚಳ

ನಿಶಾಂತನನ್ನು ನಾನು ಮೊದಲು ನೋಡಿದ್ದು ಬಿಸಿ ಆವಿಯ ನಡುವೆ. ಕ್ರೋಮ್‌ಪೇಟೆಯ ಹತ್ತಿರ ಅಪ್ಪನ ಹಳೆಯ ಫಿಯೆಟ್ ಬುಸುಗುಡುತ್ತ ನಿಂತಿತ್ತು. ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಹೊರಟಿದ್ದೆ, ಯಾರೋ ಬಂದು ನನ್ನ ಮಣಿಕಟ್ಟು ಹಿಡಿದರು. ತಮಿಳಿನಲ್ಲಿ ಚೆನ್ನಾಗಿ ಉಗಿದೆ.

"ಮುಖ ಬೇಯ್ಲಿ ಅಂತ ಸುಮ್ನೆ ಇರ್ಬೇಕಿತ್ತು," ಎಂದು ಆತ ಕನ್ನಡದಲ್ಲಿ ಗೊಣಗಿದ.

"ಕನ್ನಡ ನಂಗೂ ಬರುತ್ತೆ ಸ್ವಾಮಿ."

ಅವನ ಕಿವಿ ಕೆಂಪಾಯಿತು. ಇಂಜಿನ್ ತಣ್ಣಗಾಗುವಷ್ಟರಲ್ಲಿ ವಿಚಾರವೆಲ್ಲ ತಿಳಿಯಿತು. ಊರು ಮಂಡ್ಯ, ಮಣಲಿಯ ಕಾರ್ಖಾನೆಯಲ್ಲಿ ಇಂಜಿನಿಯರ್, ಮದರಾಸಿಗೆ ಬಂದು ಇನ್ನೂ ವರ್ಷವಾಗಿಲ್ಲ. ಸೋರುತ್ತಿದ್ದ ರಬ್ಬರ್ ಪೈಪನ್ನು ಆ ಭಾನುವಾರ ನಮ್ಮ ತಾಂಬರಂ ಮನೆಗೆ ಬಂದು ಅವನೇ ಬದಲಾಯಿಸಿದ. ಅದು ಎರಡು ಸಾವಿರದ ಎರಡನೇ ಇಸವಿ.

ಆ ಕಾರನ್ನು ಇಟ್ಟುಕೊಂಡಿದ್ದೇ ಅಮ್ಮನಿಗಾಗಿ. ಅಪ್ಪ ಹೋದ ಮೇಲೆ ಅಮ್ಮ ಹೊರಡುತ್ತಿದ್ದದ್ದು ಒಂದೇ ಕಡೆಗೆ. ಏಕಾದಶಿಯ ಉಪವಾಸವಿದ್ದು, ದ್ವಾದಶಿಯ ಬೆಳಿಗ್ಗೆ ತಿರುವಲ್ಲಿಕ್ಕೇಣಿಯ ಮಠಕ್ಕೆ. ಮಡಿಯುಟ್ಟು ಹೋಗಬೇಕು, ದಾರಿಯಲ್ಲಿ ಯಾರೂ ಮುಟ್ಟಬಾರದು. ಬಸ್ಸು, ಟ್ರೇನು ಎಲ್ಲ ಆಗದ ಮಾತು. ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತು ಹೋಗುವಾಗ ಅಮ್ಮನ ಮುಖದಲ್ಲಿ ಹಳೆಯ ಕಳೆ ಬರುತ್ತಿತ್ತು. ರೇಡಿಯೇಟರಿಗೂ ಬಾವಿಯ ನೀರೇ ಆಗಬೇಕು ಅವಳಿಗೆ.

"ಕಾರಿಗೂ ಮಡೀನಾ ಅಮ್ಮ?" ನಿಶಾಂತ ನಕ್ಕ. "ಈ ನೀರಿಗೆ ಒಳಗೆಲ್ಲಾ ಪಾಚಿ ಕಟ್ಟುತ್ತೆ. ಕೂಲಂಟ್ ಹಾಕ್ಬೇಕು."

"ಆ ಹಸಿರು ನೀರಾ? ಶರಿ, ನೀನೇ ಹಾಕು. ನಾ ನೋಡಲ್ಲ," ಎಂದು ಅಮ್ಮ ಒಳಗೆ ಹೋದಳು.

ಆಮೇಲೆ ಎಲ್ಲ ಭಾನುವಾರಗಳೂ ಅವನವೇ. ತೋಳು ಮಡಚಿ, ಹಣೆಗೆ ಗ್ರೀಸ್ ಮೆತ್ತಿಕೊಂಡು ನನಗೆ ಪಾಠ ಹೇಳುತ್ತಿದ್ದ. ನಾನು ಪಾಠಕ್ಕಿಂತ ಗ್ರೀಸನ್ನೇ ಹೆಚ್ಚು ನೋಡುತ್ತಿದ್ದೆ.

"ಮೊದಲು ನೆಲ ನೋಡು, ಹನಿ ಬಿದ್ದಿದ್ಯಾ ಅಂತ. ಆಮೇಲೆ ಆಯಿಲ್ ಕಡ್ಡಿ. ಹಾಲು ಕಾಫಿ ಬಣ್ಣ ಬಂದಿದ್ರೆ ನೀರು ಇಂಜಿನ್ ಒಳಗೇ ಹೋಗ್ತಿದೆ. ಆಮೇಲೆ ಹೊಗೆ ಬೆಳ್ಳಗಿದ್ಯಾ ನೋಡು."

"ಎಲ್ಲಾ ಸರಿಯಾಗಿದ್ರೆ?"

"ನನ್ನ ಮುಖ ನೋಡು."

ನೋಡಿದೆ. ಅವನೇ ಮೊದಲು ಕಣ್ಣು ತಪ್ಪಿಸಿದ್ದು. ಆ ಸಂಜೆಯೇ ನಾನು ಅವನವಳಾಗಿಬಿಟ್ಟಿದ್ದೆ, ಹೇಳಿರಲಿಲ್ಲ ಅಷ್ಟೇ.

ಆದರೆ ದೀಪಾವಳಿ ಕಳೆದ ಮೇಲೆ ಕಾರು ಮತ್ತೆ ಕುದಿಯತೊಡಗಿತು. ನೆಲದ ಮೇಲೆ ಒಂದು ಹನಿಯೂ ಇಲ್ಲ, ಆದರೂ ಕೂಲಂಟ್ ಇಳಿಯುತ್ತಿತ್ತು. ಸೂಜಿ ಕೆಂಪಿಗೆ ಏರುತ್ತಿತ್ತು. ನಾನು ಫೋನ್ ಮಾಡುತ್ತಿದ್ದೆ, ಅವನು ಓಡಿಬರುತ್ತಿದ್ದ.

ಒಂದು ದ್ವಾದಶಿಯಂದು ಗಿಂಡಿಯಲ್ಲಿ ಕಾರು ನಿಂತೇಹೋಯಿತು. ಅಮ್ಮ ಆಟೋ ಹತ್ತಲು ಒಪ್ಪಲಿಲ್ಲ. ಹಿಂದಿನ ದಿನದಿಂದ ಹನಿ ನೀರೂ ಕುಡಿಯದವಳು ಬಿಸಿಲಲ್ಲಿ ನಿಂತು ತಲೆ ಸುತ್ತಿ ಬಿದ್ದಳು. ಯಾರ್ಯಾರೋ ಎತ್ತಿ ಕೂರಿಸಿದರು. ಮನೆಗೆ ಬಂದವಳು, "ಇನ್ನು ಮಠ ಸಾಕು," ಎಂದಳು. ಅವತ್ತಿನಿಂದ ಗೇಟು ದಾಟಲಿಲ್ಲ. ಆ ಸಂಜೆ ನಾನು ನಿಶಾಂತನ ಹೆಗಲಿಗೆ ತಲೆಯಿಟ್ಟು ಅತ್ತೆ.

"ಇಂಜಿನ್ನಿಗೆ ವಯಸ್ಸಾಯ್ತು, ತೃಪ್ತಿ. ಕೊಟ್ಟುಬಿಡಿ. ನಾನಿದ್ದೀನಲ್ಲ," ಎಂದು ಅವನು ನನ್ನ ಕೂದಲು ಸವರಿದ. ನಮ್ಮ ಮದುವೆಯ ಮಾತೂ ಅವತ್ತೇ ಆಯಿತು.

ಮುಂದಿನ ತಿಂಗಳು ಅವನು ಅಕ್ಕನ ಮದುವೆಗೆಂದು ಮಂಡ್ಯಕ್ಕೆ ಹೋದ. ಅಪ್ಪನ ಕಾರು, ಕೊಡುವ ಮೊದಲು ಒಂದು ಸಲ ನಾನೇ ನೋಡೋಣವೆನಿಸಿತು. ನೆಲ ಒಣಗಿತ್ತು. ಆಯಿಲ್ ಚೊಕ್ಕವಾಗಿತ್ತು. ಹೊಗೆಯೂ ಸರಿಯಿತ್ತು. ಉಳಿದದ್ದು ಅವನು ಪಾಠದಲ್ಲಿ ಹೇಳದೇ ಬಿಟ್ಟಿದ್ದ ಮುಚ್ಚಳ. ತೆಗೆದು ನೋಡಿದರೆ ಒಳಗಿನ ರಬ್ಬರ್ ಬಿರುಕು ಬಿಟ್ಟು ಕಲ್ಲಾಗಿತ್ತು, ಸ್ಪ್ರಿಂಗ್‌ನಲ್ಲಿ ಬಿಗಿಯೇ ಇರಲಿಲ್ಲ. ಮುಚ್ಚಳ ಒತ್ತಿ ಹಿಡಿಯದಿದ್ದರೆ ಕೂಲಂಟ್ ಬೇಗ ಕುದಿದು ಆವಿಯಾಗಿ ಹೋಗುತ್ತದೆ, ನೆಲಕ್ಕೆ ಗುರುತೇ ಬೀಳುವುದಿಲ್ಲ.

ಒರೆಸಲು ಬಟ್ಟೆಗೆಂದು ಅವನು ನಮ್ಮಲ್ಲೇ ಇಟ್ಟಿದ್ದ ಟೂಲ್ ಬ್ಯಾಗಿಗೆ ಕೈ ಹಾಕಿದೆ. ತಳದಲ್ಲಿ, ಬಟ್ಟೆಯಲ್ಲಿ ಸುತ್ತಿ, ಇನ್ನೊಂದು ಮುಚ್ಚಳ. ಅದರ ಅಂಚಿನ ಸಂದಿಯಲ್ಲಿ ಕುಂಕುಮ. ಆಯುಧಪೂಜೆಯ ದಿನ ಅಮ್ಮ ಎಣ್ಣೆಯಲ್ಲಿ ಕಲಸಿ ನಮ್ಮ ಕಾರಿಗೆ ಹಚ್ಚಿದ್ದ ಕುಂಕುಮ.

ಅದನ್ನು ಹಾಕಿ ಗಿಂಡಿಯವರೆಗೂ ಹೋಗಿಬಂದೆ. ಸೂಜಿ ನಡುವಿನಿಂದ ಅಲ್ಲಾಡಲಿಲ್ಲ.

ಅವನು ಊರಿಂದ ಬಂದ ಭಾನುವಾರ ಆ ಬಿರುಕು ಬಿಟ್ಟ ಮುಚ್ಚಳವನ್ನು ಅವನ ಅಂಗೈಯಲ್ಲಿಟ್ಟೆ. ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಬೈದು ಕಳಿಸುವುದು ಸುಲಭವಿತ್ತು.

"ಕಾರು ಸರಿಹೋದ್ರೆ ನೀನು ಯಾಕೆ ಫೋನ್ ಮಾಡ್ತೀಯ ಅಂತ ಭಯ ಆಯ್ತು."

"ಗಿಂಡಿಯ ದಿನ?"

"ಅವತ್ತು ಹೇಳ್ಬೇಕು ಅಂತಾನೇ ಬಂದೆ. ನೀನು ಹೆಗಲ ಮೇಲೆ ತಲೆ ಇಟ್ಟೆ. ಬಾಯಿ ಬರ್ಲಿಲ್ಲ."

ನನ್ನ ಬಾಳಿನ ಅತ್ಯಂತ ಸಿಹಿಯಾದ ಸಂಜೆಯಲ್ಲಿ ಅವನಿಗೆ ಎಲ್ಲ ಗೊತ್ತಿತ್ತು. ನನಗೆ ಸಹಿಸಲಾಗದೇ ಹೋದದ್ದು ಅದು.

"ಸುಮ್ಮನೆ ಬಾ ಅಂತಾನೂ ಕರೀತಿದ್ದೆ ನಿಶಾಂತ್. ಕಾರು ಇಲ್ಲದಿದ್ರೂ ಕರೀತಿದ್ದೆ," ಎಂದೆ. "ಅಮ್ಮನ ದ್ವಾದಶಿ ಕಸಿದುಕೊಂಡು, ಅದಕ್ಕೆ ನೀನೇ ಸಮಾಧಾನ ಹೇಳಿದೆಯಲ್ಲ. ಇನ್ನು ಬರ್ಬೇಡ."

ಅವನು ಗೇಟಿನ ಬಳಿ ತುಂಬಾ ಹೊತ್ತು ನಿಂತಿದ್ದ. ಕರೆಯಬಾರದೆಂದು ನಾನು ಸೆರಗಿನ ತುದಿ ಕಚ್ಚಿಕೊಂಡಿದ್ದೆ.

ಮುಂದಿನ ದ್ವಾದಶಿಗೆ ಅಮ್ಮನನ್ನು ಕಾಡಿ ಬೇಡಿ ಹೊರಡಿಸಿದೆ. ಕಾರು ಗಿಂಡಿ ದಾಟಿದಾಗ ಹಿಂದಿನ ಸೀಟಿನಿಂದ ಅಮ್ಮ, "ಪಾವಂ, ಆ ಹುಡುಗ ಎಷ್ಟು ಕಷ್ಟಪಟ್ಟ. ಅವನಿಗೂ ಪ್ರಸಾದ ತರೋಣ," ಎಂದಳು.

ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಎಲ್ಲ ಹೇಳಿದೆ.

"ಇನ್ನೂ ಅವನು ಬೇಕು ಅನ್ನಿಸುತ್ತಾ?" ಎಂದು ಅಮ್ಮ ಕೇಳಿದಳು.

ನನಗೆ ಅಳು ಬಂದುಬಿಟ್ಟಿತು. ಅಮ್ಮ ಮುಂದಕ್ಕೆ ಬಗ್ಗಿ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮಾ, ಮಡಿ," ಎಂದೆ.

"ಇರಲಿ ಬಿಡು," ಎಂದಳು. "ಅತ್ತು ಮುಗಿಸು. ಆಮೇಲೆ ಮನೆಗೆ ಹೋಗೋಣ."