ಅದಲುಪೀಠ

ಬೀದರಿನ ವಿಮಾನ ನಿಲ್ದಾಣದಲ್ಲಿ ಹಸಿರು ದೀಪ ಹೊತ್ತಿತು. ಹೊತ್ತಿತೆಂದರೆ ಮೈಸೂರಿನ ಅದಲುಪೀಠದ ಮೇಲೆ ಯಾರೋ ನಿಂತಿದ್ದಾರೆಂದು ಅರ್ಥ. ಇಲ್ಲಿಯ ಪೀಠ ಹತ್ತಿದ ಹೆಂಗಸು ಮಾಯವಾದಳು. ಅದೇ ಜಾಗದಲ್ಲಿ ಮೈಸೂರಿನ ಗಂಡಸೊಬ್ಬ ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದ. ನಡುವಿನ ಆರುನೂರು ಚಿಲ್ಲರೆ ಕಿಲೋಮೀಟರ್ ದಾಟಲು ಹಿಂದೆ ವಿಮಾನಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು. ಈಗ ಕಣ್ಣು ಮಿಟುಕಿಸಿದರೆ ಸಾಕು. ಇನ್ನು ವಿಮಾನ ಯಾರಿಗೆ ಬೇಕು? ಅವನ್ನು ಎಂದೋ ನಿಲ್ಲಿಸಿಬಿಟ್ಟಿದ್ದರು.

ಬಳೆ ಅಂಗಡಿಯ ವೈಜಿನಾಥ ಎರಡು ದಿನದಿಂದ ಸರದಿಯಲ್ಲಿ ಕುಳಿತಿದ್ದ. ತಂಗಿ ಶಿವಲೀಲಾ ಮೈಸೂರಿನ ಆಸ್ಪತ್ರೆಯಲ್ಲಿ ಸಾಯುತ್ತಿದ್ದಳು. "ಅಣ್ಣಾ, ಒಮ್ಮಿ ಮಾರಿ ತೋರ್ಸಿ ಹೋಗು" ಎಂದಿದ್ದಳು. ತವರಿನ ಸೀರೆ ಅವನ ಚೀಲದಲ್ಲಿತ್ತು. ಯಂತ್ರದ ಹತ್ತಿರ ಫೋನ್ ಸಲ್ಲದು. ಅದನ್ನು ಬಾಗಿಲಲ್ಲೇ ಒಪ್ಪಿಸಿದ್ದ.

"ಮೇಡಂ, ಪೀಠ ಖಾಲಿ ನಿಂತದ. ನನಗ್ಯಾಕ ಕಳಸ್ವಲ್ರಿ?"

"ಇದು ತಕ್ಕಡಿ ಇದ್ದ ಹಾಗೆ," ಎಂದರು ಉಸ್ತುವಾರಿ ವಿಜ್ಞಾನಿ ನಳಿನಾಕ್ಷಿ. "ಇಲ್ಲಿಂದ ಒಬ್ಬರು ಹೋಗಬೇಕಾದರೆ ಅಲ್ಲಿಂದ ಒಬ್ಬರು ಬರಲೇಬೇಕು. ಸಮದೇಹ ನಿಯಮ ಅಂತೀವಿ."

"ಅತ್ಲಾಗ ಒಂದ್ ಉಸುಕಿನ ಚೀಲ ಇಡ್ರಲ್ಲ."

"ಅದನ್ನೂ ಮಾಡಿ ನೋಡಿದ್ವಿ. ಮನುಷ್ಯನ ದೇಹಕ್ಕೆ ಮನುಷ್ಯನ ದೇಹವೇ ಆಗಬೇಕು."

"ಮತ್ತ ಅಲ್ಲಿಂದ ಯಾರೂ ಬರಲ್ಲೇನ್ರಿ ನಮ್ಮೂರಿಗೆ?"

ನಳಿನಾಕ್ಷಿ ಉದ್ದನೆಯ ಸರದಿಯತ್ತ ಕೈ ತೋರಿದರು. ಇಲ್ಲಿಂದ ಹೋಗುವವರು ಸಾವಿರ, ಅಲ್ಲಿಂದ ಬರುವವರು ಬೆರಳೆಣಿಕೆ. ಯಂತ್ರ ಕಂಡುಹಿಡಿದ ಜಾಣರು ದೂರವನ್ನೇನೋ ಅಳೆದಿದ್ದರು, ಜನ ಯಾವ ಕಡೆ ವಾಲುತ್ತಾರೆಂದು ಯೋಚಿಸಿರಲಿಲ್ಲ.

ರೈಲು ಹಿಡಿದಿದ್ದರೆ ವೈಜಿನಾಥ ನಿನ್ನೆಯೇ ಮುಟ್ಟುತ್ತಿದ್ದ. ಆದರೆ ಹೊರಡಲು ಎದ್ದಾಗಲೆಲ್ಲ, ಈಗ ಯಾರಾದರೂ ಬಂದರೆ ಒಂದೇ ಗಳಿಗೆಯ ಮಾತು ಎಂಬ ಆಸೆ ಅವನನ್ನು ಮತ್ತೆ ಕೂರಿಸಿತ್ತು. ಆಸೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಮಧ್ಯಾಹ್ನ ದೀಪ ಹೊತ್ತಿತು. ಅವನದೇ ಸರದಿ.

"ಯಾರೋ ಪುಣ್ಯಾತ್ಮರು ಬರ್ಲತ್ತಾರ!" ಎಂದು ಕೈಮುಗಿದು ಪೀಠ ಹತ್ತಿದ.

ಕಣ್ಣು ಬಿಟ್ಟಾಗ ಮೈಸೂರು. ಎದುರಿಗೆ ತಂಗಿಯ ಗಂಡ ಸಂಗಶೆಟ್ಟಿ ನಿಂತಿದ್ದ.

"ಭಾವಾ, ಎಷ್ಟ್ ಫೋನ್ ಹಚ್ಚಿದೆ ನಿಮಗ..." ಅವನು ವೈಜಿನಾಥನ ಕೈ ಹಿಡಿದುಕೊಂಡ. "ಮುಂಜಾನಿ ಹೋಗಿಬಿಟ್ಳು. ಬೀದರದಾಗೇ ಮಣ್ಣ ಮಾಡ್ರಿ ಅಂದಿದ್ಳು. ಈಗೇ ಇದೇ ಪೀಠದ ಮ್ಯಾಲಿಂದ ಹೆಣ ಕಳಿಸ್ದೆ. ಬೆನ್ನಿಗೇ ನಾನೂ ಹೊಂಟಿದ್ದೆ."

ವೈಜಿನಾಥನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವಳು ಬಿಟ್ಟುಹೋದ ಜಾಗದಲ್ಲೇ ಅವನು ನಿಂತಿದ್ದ. ತಾನು ಕೈಮುಗಿದದ್ದು ಯಾರ ಬರವಿಗೆ ಎಂದು ಹೊಳೆದಾಗ, ಸೀರೆಯ ಚೀಲವನ್ನು ಎದೆಗೊತ್ತಿಕೊಂಡು ಮಗುವಿನಂತೆ ಅತ್ತ.

"ನನಗ ವಾಪಸ್ ಕಳಸ್ರಿ," ಎಂದ.

"ಈಗಲೇ ಹೋಗಬಹುದು ಸಾರ್," ಎಂದಳು ಮೈಸೂರಿನ ಸಿಬ್ಬಂದಿ ಹುಡುಗಿ. "ಬೀದರಿಗೆ ಹೋಗೋರು ಕಾಯೋದೇ ಬೇಡ."

ಬೀದರಿನಲ್ಲಿ ದೀಪ ಹೊತ್ತಿತು. ಸರದಿಯಲ್ಲಿ ವೈಜಿನಾಥನ ಹಿಂದೆ ಕುಳಿತಿದ್ದ ಮುದುಕಿ ಗಡಬಡಿಸಿ ಗಂಟು ಎತ್ತಿಕೊಂಡಳು. ಗೋಡೆಯ ಪಕ್ಕ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದ ಹೆಣವನ್ನು ಬಳಸಿ ಬಂದು ಪೀಠ ಹತ್ತಿದಳು.

"ಯಾರೋ ಪುಣ್ಯಾತ್ಮರು ಬರ್ಲತ್ತಾರ ನೋಡ್ರಿ!" ಎಂದು ನಗುತ್ತ ಕೈಮುಗಿದಳು.