ಸೋಲೋ ಇಲ್ಲದ ಹಾಡು

"ಸೋಲೋ ಎಲ್ಲಿ ಹೋಯ್ತ್ರಿ?"

ಮಾಲತೇಶ್ ಕ್ಯಾಸೆಟ್ಟನ್ನು ಕೌಂಟರಿನ ಮೇಲೆ ಕುಕ್ಕಿದ. ಹರಿಹರದ ಕಾರ್ಖಾನೆಯಲ್ಲಿ ಟ್ರೈನಿಯಾಗಿದ್ದವನು, ಶಿಫ್ಟ್ ಮುಗಿಸಿ ದಾವಣಗೆರೆಯ ಬಸ್ಸು ಹತ್ತಿದ್ದೇ ಈ ಜಗಳಕ್ಕೆ. ಮಂಡಿಪೇಟೆಯ ಈ ಅಂಗಡಿಯಲ್ಲಿ ಇಷ್ಟದ ರಾಕ್ ಹಾಡುಗಳನ್ನು ರೆಕಾರ್ಡ್ ಮಾಡಿಸಿದ್ದ. ಕೇಳಿದರೆ, ಗಿಟಾರ್ ಒಂಟಿಯಾಗಿ ಹೊರಡುವ ಸೋಲೋದ ಹೊತ್ತಿಗೆ ಸರಿಯಾಗಿ ಸದ್ದು ಕರಗಿ ಮುಂದಿನ ಹಾಡು ಶುರುವಾಗುತ್ತಿತ್ತು.

ಅಂಗಡಿಯ ಮುರುಗೇಶಪ್ಪನವರ ಮಗಳು ವಾಣಿ ತಲೆಯೆತ್ತಿದಳು. "ಒಂದೇ ಕ್ಯಾಸೆಟ್ಟಿನಾಗೆ ಹಾಡು ಜಾಸ್ತಿ ಹಿಡಿಸ್ರಿ ಅಂತಾರೆ ಜನ. ಅಲ್ಲಿ ಹಾಡೋರೇ ಇರ್ಲಿಲ್ಲ, ಬರೇ ಕುಯ್ಯೋ ಅಂತಿತ್ತು. ಕಟ್ ಮಾಡ್ದೆ."

"ಕುಯ್ಯೋ?"

ಅವನ ಮುಖ ನೋಡಿ ಅವಳು ತುಟಿ ಬಿಗಿಹಿಡಿದಳು. ಕಣ್ಣುಗಳು ಮಾತ್ರ ನಕ್ಕೇಬಿಟ್ಟವು.

"ಕೂಡ್ರಿ. ಅದರಾಗ ಏನೈತೆ, ನೀವೇ ಹೇಳ್ರಿ."

ಅವಳು ಮೂಲ ಕ್ಯಾಸೆಟ್ ಹಾಕಿದಳು; ಒಂದೇ ಹೆಡ್‌ಫೋನನ್ನು ಆಚೆ ಈಚೆ ಹಂಚಿಕೊಂಡು ಇಬ್ಬರೂ ಕೇಳಿದರು. "ಬಾಯಿಬಿಟ್ಟು ಹೇಳಕ್ಕಾಗದ್ದನ್ನ ಗಿಟಾರ್ ಇಲ್ಲಿ ಹೇಳ್ತೈತೆ," ಎಂದ ಮಾಲತೇಶ್.

"ನಿಮ್ಮತ್ರಾನೂ ಅಂಥದ್ದು ಏನಾದ್ರೂ ಐತಾ?"

ಅವನ ಕಿವಿ ಕೆಂಪಾಯಿತು. ಅಂದಿನಿಂದ ಶನಿವಾರ ಬಂತೆಂದರೆ ಅವನಿಗೆ ದಾವಣಗೆರೆಯಲ್ಲಿ ಏನಾದರೊಂದು ಕೆಲಸ ಹುಟ್ಟುತ್ತಿತ್ತು.

ತೊಂಬತ್ತೆಂಟರಲ್ಲಿ ಅವನು ಗಿಟಾರ್ ಬಾರಿಸುತ್ತಿದ್ದ ಬ್ಯಾಂಡಿಗೆ ದಾವಣಗೆರೆಯ ಕಾಲೇಜ್ ಫೆಸ್ಟೊಂದರಲ್ಲಿ ನುಡಿಸುವ ಅವಕಾಶ ಸಿಕ್ಕಿತು. "ಅಪ್ಪನ್ನ ಕರ್ಕೊಂಡು ಬರ್ತೀನಿ," ಎಂದಳು ವಾಣಿ. "ಬ್ಯಾರೆ ಜಾತಿ ಹುಡುಗ ಅಂದ್ರೆ ಮೊದ್ಲೇ ಸಿಡುಕ್ತಾರೆ. ಒಂದ್ಸಲ ನಿನ್ನ ನೋಡ್ಲಿ, ಆಮೇಲೆ ನಾನು ಮಾತಾಡ್ತೀನಿ. ನೀನು ನಂಗೇನೂ ಹೇಳಲ್ವಾ?"

"ಸ್ಟೇಜ್ ಮ್ಯಾಲೆ ಹೇಳ್ತೀನಿ. ಸೋಲೋದಾಗ."

ಫೆಸ್ಟಿನ ಮಧ್ಯಾಹ್ನ ಡ್ರಮ್ಸ್ ಬಾರಿಸುವ ಹಿದಾಯತ್ ತಡೆದ. "ಸೋಲೋ ಬ್ಯಾಡಪ್ಪಾ. ಈಗಿನ ಹಾಡಾಗೆ ಯಾರು ಸೋಲೋ ಹಾಕ್ತಾರೆ? ಹುಡುಗ್ರು ಕುಣಿಯೋದು ಬಿಟ್ಟು ಕ್ಯಾಂಟೀನಿಗೆ ಹೋಗ್ತಾರೆ. ಹಾಡೋರ ಹಿಂದೆ ಗಿಟಾರಲ್ಲಿ ಬರೇ ಕಾರ್ಡ್ಸ್ ಬಾರಿಸು, ಸಾಕು."

ಅದು ಸುಳ್ಳಾಗಿರಲಿಲ್ಲ. ಹೊಸ ಕ್ಯಾಸೆಟ್ಟುಗಳಲ್ಲಿ ಗಿಟಾರ್ ಹಾಡಿನ ಹಿಂದೆ ಗೋಡೆಯಂತೆ ನಿಲ್ಲುತ್ತಿತ್ತೇ ಹೊರತು ಮುಂದೆ ಬರುತ್ತಿರಲಿಲ್ಲ. ಅದು ಗೊತ್ತಿದ್ದರಿಂದಲೇ ಅವನಿಗೆ ಇನ್ನಷ್ಟು ಉರಿಯಿತು.

"ಹಂಗಾದ್ರೆ ನಾನ್ಯಾಕ?" ಎಂದವನು ಗಿಟಾರ್ ಚೀಲ ಹೆಗಲಿಗೇರಿಸಿ ಹರಿಹರದ ಬಸ್ಸು ಹತ್ತಿಬಿಟ್ಟ. ಅಂಗಡಿಗೊಂದು ಫೋನ್ ಮಾಡಬಹುದಿತ್ತು. ಸೋಲೋ ಇಲ್ಲದೆ ಯಾವ ಮುಖ ಹೊತ್ತು ಮಾತಾಡಲಿ ಎಂದುಕೊಂಡ. ನಾಚಿಕೆಯಿಂದ ಮುಂದಿನ ಶನಿವಾರಗಳೂ ಹಾಗೇ ಕಳೆದವು. ಕೊನೆಗೆ ಸುದ್ದಿ ಹೇಳಿದವನು ಹಿದಾಯತ್: ವಾಣಿಗೆ ರಾಣೆಬೆನ್ನೂರಿನ ಕಡೆ ಗಂಡು ಗೊತ್ತಾಗಿದೆ.

ಮದುವೆಗೆ ಮುಂಚೆ ಅವಳು ಸೋದರತ್ತೆಯ ಜೊತೆ ಹರಿಹರೇಶ್ವರನ ಗುಡಿಗೆ ಬಂದಳು. ವಿಷಯ ತಿಳಿದು ಮಾಲತೇಶನೂ ಹೋದ. ಅತ್ತೆ ಪ್ರದಕ್ಷಿಣೆಯಲ್ಲಿದ್ದಾಗ ಕಂಬದ ಮರೆಯಲ್ಲಿ ಇಬ್ಬರೇ ಎದುರಾದರು.

"ಯಾಕ ಬರ್ಲಿಲ್ಲ?"

"ಸೋಲೋ ತೆಗೆಸಿದ್ರು."

ವಾಣಿ ಅವನನ್ನೇ ನೋಡಿದಳು. ಸಿಟ್ಟಿಗೆ ಕಾದಿದ್ದವನಿಗೆ ಆ ಕಣ್ಣಿನಲ್ಲಿ ಬರೀ ದಣಿವು ಕಂಡಿತು.

"ಯಾವ ಹುಡುಗ, ಯಾವ ಹುಡುಗ ಅಂತ ಅಪ್ಪ ಕೇಳ್ತಾನೇ ಇದ್ರು. ಈಗ ಬರ್ತಾನೆ ಅಂತಿದ್ದೆ. ಕೊನೇ ಹಾಡು ಮುಗಿದು ಕುರ್ಚಿ ಎತ್ತೋವರೆಗೂ ಅಂತಿದ್ದೆ." ಅವಳ ದನಿ ಒಡೆಯಿತು. "ನಾನು ಸೋಲೋ ಕೇಳಕ್ಕೆ ಬಂದಿರ್ಲಿಲ್ಲ, ಮಾಲತೇಶ್. ನೀನು ಹಿಂದೆ ನಿಂತು ಬರೇ ಕಾರ್ಡ್ಸ್ ಬಾರಿಸಿದ್ರೂ, ಇವನೇ ಅಪ್ಪಾ ಅಂತ ಕೈ ಮಾಡಿ ತೋರಿಸ್ತಿದ್ದೆ."

"ನೀನಂದ್ರೆ ನಂಗೆ ಭಾಳ ಇಷ್ಟ ವಾಣಿ."

"ಇಷ್ಟೇನಾ?" ಅಳುತ್ತಲೇ ನಕ್ಕಳು ಅವಳು. "ಇಷ್ಟು ಸಣ್ಣ ಮಾತಿಗೆ ಸ್ಟೇಜ್ ಬೇಕಿತ್ತಾ ನಿಂಗೆ?"

ಅತ್ತೆ ಕೂಗಿದರು. ವಾಣಿ ಸೆರಗಿನಿಂದ ಕಣ್ಣೊರೆಸಿಕೊಂಡು, ಕೈಯಲ್ಲಿದ್ದ ಪ್ರಸಾದದ ಅರ್ಧ ಬಾಳೆಹಣ್ಣನ್ನು ಅವನ ಅಂಗೈಗೆ ಹಾಕಿ, ಬಿರಬಿರನೆ ನಡೆದಳು.